ಗೋಡೆಯ ಮೇಲಿನ ನೆರೆಹೊರೆ

ಚಿತ್ರ ಬರೆಯುವುದು ಏಕಾಂತದ ಕೆಲಸ. ಬರೆದ ಚಿತ್ರವನ್ನು ನಾಲ್ಕು ಜನರ ಮುಂದೆ ಇಡುವುದು ಲೋಕಾಂತದ ಕೆಲಸ. ಮೊದಲನೆಯದಕ್ಕೆ ಬೇಕಾದ ಪ್ರತಿಭೆ, ಅಭ್ಯಾಸ, ರೇಖೆ ಮತ್ತು ವರ್ಣಗಳ ಜ್ಞಾನ ಇವುಗಳನ್ನು ಕುರಿತು ಕಲಾಶಾಲೆಗಳಲ್ಲಿ ವರ್ಷಗಟ್ಟಲೆ ಪಾಠ ಹೇಳುತ್ತಾರೆ. ಎರಡನೆಯದಕ್ಕೆ ಬೇಕಾದ ಗುಣಗಳನ್ನು ಕುಳ್ಳಿರಿಸಿಕೊಂಡು ಹೇಳಿಕೊಡುವವರು ವಿರಳ. ಅದು ತಾನಾಗಿಯೇ ಬರುತ್ತದೆಂದು ಬಹುಮಂದಿ ಭಾವಿಸಿದ್ದಾರೆ. ಅದು ತಾನಾಗಿ ಬರುವುದಿಲ್ಲವೆಂಬುದಕ್ಕೆ ಹತ್ತಾರು ಕಲಾವಿದರು ಕೂಡಿ ನಡೆಸುವ ಸಮೂಹ ಪ್ರದರ್ಶನಗಳೇ ಸಾಕ್ಷಿ.

ಈಚಿನ ದಶಕಗಳಲ್ಲಿ ನಮ್ಮ ಮನೆತನಗಳ ಮಕ್ಕಳು ಚಿತ್ರಕಲೆಯ ಅಭ್ಯಾಸಕ್ಕೆ ಹೆಚ್ಚಾಗಿ ಹೋಗುತ್ತಿರುವುದು ಸಂತೋಷದ ಸಂಗತಿ. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪಿತವಾದ ಕರ್ನಾಟಕ ಚಿತ್ರಕಲಾ ಪರಿಷತ್ತು ಇಂದು ದೊಡ್ಡ ಸಂಸ್ಥೆಯಾಗಿ ಬೆಳೆದಿದೆ. ಅದು ಜನವರಿಯಲ್ಲಿ ನಡೆಸುವ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯೇ ಒಂದು ಗ್ಯಾಲರಿಯಾಗುತ್ತದೆ. ಮೈಸೂರು, ದಾವಣಗೆರೆ, ಧಾರವಾಡ, ಕಲಬುರಗಿಗಳಲ್ಲಿಯೂ ಕಲಾಶಿಕ್ಷಣ ನಡೆಯುತ್ತಿದೆ. ಕಡೆಯ ವರ್ಷದ ವಿದ್ಯಾರ್ಥಿಗಳೆಲ್ಲ ಕೂಡಿ ಒಂದು ಪ್ರದರ್ಶನವನ್ನು ಏರ್ಪಡಿಸುವುದು ಈಗ ಸಾಮಾನ್ಯವಾದ ರೂಢಿ. ಮಗನೋ ಮಗಳೋ ಬರೆದ ಚಿತ್ರವನ್ನು ನೋಡಲು ತಂದೆತಾಯಿಗಳು ಊರಿನಿಂದ ಬಸ್ಸು ಹತ್ತಿ ಬರುತ್ತಾರೆ. ಹಾಗೆ ಬಂದವರ ಬಾಯಿಂದ ಹೊರಡುವ ಮೊದಲ ಮಾತು ಎಷ್ಟೋ ವೇಳೆ ಚಿತ್ರವನ್ನು ಕುರಿತದ್ದಾಗಿರುವುದಿಲ್ಲ. “ನಮ್ಮ ಹುಡುಗನದನ್ನು ಮೂಲೆಗೆ ಹಾಕಿದ್ದಾರಲ್ಲ!” ಎಂಬುದೇ ಆ ಮಾತು. ಅಲ್ಲಿಂದ ಮುನಿಸು ಆರಂಭವಾಗುತ್ತದೆ. ನಾಲ್ಕು ವರ್ಷ ಒಂದೇ ಬಣ್ಣದ ಪೆಟ್ಟಿಗೆಯನ್ನು ಹಂಚಿಕೊಂಡ ಗೆಳೆಯರು ಒಂದು ಮೊಳೆಯ ವಿಚಾರದಲ್ಲಿ ಮಾತು ಬಿಡುವುದುಂಟು. ಆದುದರಿಂದ ಈ ತಿಂಗಳ ಲೇಖನವನ್ನು ಸಮೂಹ ಪ್ರದರ್ಶನಕ್ಕೆ ಚಿತ್ರವನ್ನು ಸಿದ್ಧಗೊಳಿಸುವ ಮತ್ತು ಅದನ್ನು ಒಪ್ಪಿಸುವ ಕ್ರಮಕ್ಕೆ ಮೀಸಲಿಟ್ಟಿದ್ದೇನೆ.

ಸಮೂಹ ಪ್ರದರ್ಶನವೆಂಬುದು ಒಂದು ಪಂಕ್ತಿ. ಪಂಕ್ತಿಯಲ್ಲಿ ಕುಳಿತವನು ತನ್ನ ಎಲೆಯನ್ನು ನೆರೆಯವನ ಎಲೆಯ ಮೇಲೆ ಹಾಸುವುದಿಲ್ಲ. ತನಗೆ ಸಿಕ್ಕ ಜಾಗ ಬಾಗಿಲ ಬಳಿಯದೆಂದು ಎದ್ದೂ ಹೋಗುವುದಿಲ್ಲ. ತಾನು ಉಣ್ಣುವುದರ ಜೊತೆಗೆ ಪಕ್ಕದವನಿಗೂ ಉಣ್ಣಲು ಅನುವಾಗುವಂತೆ ಕುಳಿತುಕೊಳ್ಳುತ್ತಾನೆ. ಗೋಡೆಯ ಮೇಲಿನ ಚಿತ್ರಕ್ಕೂ ಇದೇ ನ್ಯಾಯ. ನನ್ನ ಚಿತ್ರದ ಬಲಗಡೆಗೆ ಒಬ್ಬನ ಚಿತ್ರ, ಎಡಗಡೆಗೆ ಮತ್ತೊಬ್ಬಳ ಚಿತ್ರ. ಪ್ರೇಕ್ಷಕನ ಕಣ್ಣು ಒಂದರಿಂದ ಇನ್ನೊಂದಕ್ಕೆ ಸರಿಯುವಾಗ ಮೊದಲಿನದರ ಬಣ್ಣವನ್ನು ಹೊತ್ತುಕೊಂಡೇ ಸರಿಯುತ್ತದೆ. ಕಡುಗೆಂಪು ಚಿತ್ರದ ಪಕ್ಕದಲ್ಲಿ ಮಸುಕಾದ ಜಲವರ್ಣವು ಇನ್ನೂ ಮಸುಕಾಗಿ ಕಾಣುವುದು ಬರೆದವರ ದೋಷವಲ್ಲ, ನೆರೆಹೊರೆಯ ಪರಿಣಾಮ. ಈ ನೆರೆಹೊರೆಯ ಜಗಳಕ್ಕೆ ಕಲೆಯ ಇತಿಹಾಸದಲ್ಲಿ ದೀರ್ಘವಾದ ಪರಂಪರೆಯಿದೆ.

ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಸ್ಥಾಪಿತವಾಯಿತು. ಅದರ ವಾರ್ಷಿಕ ಪ್ರದರ್ಶನದಲ್ಲಿ ಚಿತ್ರಗಳನ್ನು ನೆಲದ ಸಮೀಪದಿಂದ ಚಾವಣಿಯವರೆಗೆ ಒಂದಕ್ಕೊಂದು ತಾಗುವಂತೆ ತೂಗುಹಾಕುತ್ತಿದ್ದರು. ಗೋಡೆಯಲ್ಲಿ ಸುಮಾರು ಎಂಟು ಅಡಿ ಎತ್ತರದಲ್ಲಿ ಒಂದು ಪಟ್ಟಿಯನ್ನು ಎಳೆದಿದ್ದರು. ಆ ಪಟ್ಟಿಗೆ ತಾಗಿದ ಚಿತ್ರಕ್ಕೆ ಮಾನ. ಚಾವಣಿಗೆ ಏರಿದ ಚಿತ್ರವನ್ನು ಕತ್ತು ನೋಯುವವರೆಗೆ ನೋಡಿದರೂ ಕಾಣುತ್ತಿರಲಿಲ್ಲ. ಅಕಾಡೆಮಿಯ ಸ್ಥಾಪಕ ಸದಸ್ಯರಲ್ಲಿ ಒಬ್ಬನಾದ ಥಾಮಸ್ ಗೇನ್ಸ್‌ಬರೊ 1784ರಲ್ಲಿ ಮೂವರು ರಾಜಕುಮಾರಿಯರ ಚಿತ್ರವನ್ನು ಕಳುಹಿಸಿ, ಅದನ್ನು ನಿಯಮಕ್ಕಿಂತ ಕೆಳಗೆ ತೂಗುಹಾಕಬೇಕೆಂದು ಕೇಳಿಕೊಂಡನು. ಅದರ ಸೂಕ್ಷ್ಮವಾದ ಕುಂಚಗೆಲಸವು ಎತ್ತರದಲ್ಲಿ ಕಾಣದೆಂಬುದು ಅವನ ವಾದ. ಸಮಿತಿ ಒಪ್ಪಲಿಲ್ಲ. ಅವನು ತನ್ನ ಎಲ್ಲ ಚಿತ್ರಗಳನ್ನೂ ಹಿಂದಕ್ಕೆ ಪಡೆದನು. 1788ರಲ್ಲಿ ತೀರಿಕೊಳ್ಳುವವರೆಗೆ ಮತ್ತೆಂದೂ ಅಲ್ಲಿ ಚಿತ್ರವನ್ನು ಇಡಲಿಲ್ಲ. ಅವನ ವಾದದಲ್ಲಿ ಸತ್ಯವಿತ್ತು. ಆದರೂ ಆ ಮುನಿಸಿನಿಂದ ಅವನ ಚಿತ್ರಗಳನ್ನು ಕಾಣಬೇಕಾಗಿದ್ದ ಸಾಮಾನ್ಯ ಜನರಿಗೇ ನಷ್ಟವಾಯಿತು.

ಅದೇ ಅಕಾಡೆಮಿಯಲ್ಲಿ ಮುಂದೆ ಟರ್ನರ್ ಎಂಬ ಮಹಾಕಲಾವಿದನ ಬಾಳಿನಲ್ಲಿ ನಡೆದ ಎರಡು ಪ್ರಸಂಗಗಳು ನಮ್ಮ ವಿಚಾರಕ್ಕೆ ಕನ್ನಡಿ ಹಿಡಿಯುತ್ತವೆ. ಪ್ರದರ್ಶನ ತೆರೆಯುವುದಕ್ಕೆ ಮುಂಚೆ, ತೂಗುಹಾಕಿದ ಚಿತ್ರಗಳನ್ನು ಅಲ್ಲಿಯೇ ತಿದ್ದಿ ವಾರ್ನಿಷ್ ಬಳಿಯಲು ಸದಸ್ಯರಿಗೆ ಕೆಲವು ದಿನಗಳ ಅವಕಾಶವಿರುತ್ತಿತ್ತು. 1832ರ ಪ್ರದರ್ಶನದಲ್ಲಿ ಟರ್ನರನ ಬೂದುಬಣ್ಣದ ಒಂದು ಸಮುದ್ರಚಿತ್ರವು ಕಾನ್‌ಸ್ಟೇಬಲ್ ಎಂಬ ಕಲಾವಿದನ ಚಿತ್ರದ ಪಕ್ಕದಲ್ಲಿತ್ತು. ವಾಟರ್ಲೂ ಸೇತುವೆಯ ಪ್ರಾರಂಭೋತ್ಸವವನ್ನು ಚಿತ್ರಿಸಲು ಕಾನ್‌ಸ್ಟೇಬಲ್ ಹತ್ತು ವರ್ಷಕ್ಕೂ ಮೇಲ್ಪಟ್ಟು ಶ್ರಮಿಸಿದ್ದನು. ಅವನು ಅದರ ಧ್ವಜಗಳಿಗೆ ಕೆಂಪು ತುಂಬುತ್ತಿದ್ದಾಗ ಟರ್ನರ್ ಹಿಂದೆ ನಿಂತು ಎರಡೂ ಚಿತ್ರಗಳನ್ನು ನೋಡಿದನು. ಬಳಿಕ ತನ್ನ ಬೂದು ಸಮುದ್ರದ ನಡುವೆ ಒಂದು ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಕೆಂಪು ಚುಕ್ಕೆಯನ್ನು ಇಟ್ಟು, ಒಂದು ಮಾತನ್ನೂ ಆಡದೆ ಹೊರಟುಹೋದನು. ತಣ್ಣನೆಯ ಬೂದಿನ ಮೇಲೆ ಆ ಒಂದು ಚುಕ್ಕೆ ಹೇಗೆ ಉರಿಯಿತೆಂದರೆ ಪಕ್ಕದ ಚಿತ್ರದ ಕೆಂಪೆಲ್ಲ ಸಪ್ಪೆಯಾಯಿತು. ಕಾನ್‌ಸ್ಟೇಬಲ್ ಅದನ್ನು ನೋಡಿ, ಟರ್ನರ್ ಬಂದು ಬಂದೂಕು ಹಾರಿಸಿ ಹೋದನೆಂಬ ಅರ್ಥದ ಮಾತನ್ನಾಡಿದನಂತೆ. ಒಂದೂವರೆ ದಿನದ ನಂತರ ಟರ್ನರ್ ಹಿಂದಿರುಗಿ ಆ ಚುಕ್ಕೆಯನ್ನು ನೀರಿನಲ್ಲಿ ತೇಲುವ ಒಂದು ಬುರುಡೆಯನ್ನಾಗಿ ತಿದ್ದಿದನು.

ಇದಕ್ಕೆ ಆರು ವರ್ಷ ಮೊದಲು, 1826ರಲ್ಲಿ, ಅದೇ ಟರ್ನರನ ಕೊಲೋನ್ ನಗರದ ಹೊಂಬಣ್ಣದ ಚಿತ್ರವು ಸರ್ ಥಾಮಸ್ ಲಾರೆನ್ಸನು ಬರೆದ ಎರಡು ಭಾವಚಿತ್ರಗಳ ನಡುವೆ ಬಂದಿತ್ತು. ಹೊಂಬಣ್ಣದ ಆಕಾಶದಿಂದಾಗಿ ಇಕ್ಕೆಲದ ಮುಖಗಳು ಕಳೆಗುಂದಿದುವು. ಲಾರೆನ್ಸ್ ಖಿನ್ನನಾದುದನ್ನು ಕಂಡ ಟರ್ನರ್ ತನ್ನ ಆಕಾಶದ ಮೇಲೆ ದೀಪದ ಮಸಿಯನ್ನು ತೆಳುವಾಗಿ ಬಳಿದು ಮಂಕುಗೊಳಿಸಿದನೆಂದೂ, ಗಾಬರಿಗೊಂಡ ಮಿತ್ರನಿಗೆ ಅದು ತೊಳೆದರೆ ಹೋಗುತ್ತದೆಂದು ಸಮಾಧಾನ ಹೇಳಿದನೆಂದೂ ಒಂದು ಕಥೆ ಕಲಾಲೋಕದಲ್ಲಿ ಪ್ರಚಲಿತವಾಗಿದೆ. ಒಬ್ಬನೇ ಮನುಷ್ಯ, ಒಂದೇ ಸಭಾಂಗಣ. ಒಮ್ಮೆ ನೆರೆಯವನಿಗಾಗಿ ತನ್ನ ಬೆಳಕನ್ನು ತಗ್ಗಿಸಿದನು. ಇನ್ನೊಮ್ಮೆ ನೆರೆಯವನನ್ನು ತಗ್ಗಿಸಲು ತನ್ನದನ್ನು ಉರಿಸಿದನು. ಈ ಎರಡು ಪ್ರವೃತ್ತಿಗಳೂ ಕಲಾವಿದನಾದ ಪ್ರತಿಯೊಬ್ಬನಲ್ಲಿಯೂ ಇರುತ್ತವೆ. ಪ್ರದರ್ಶನದ ಹಿಂದಿನ ದಿನ ಯಾವುದು ಮೇಲೇಳುವುದೆಂಬುದೇ ಪ್ರಶ್ನೆ.

ಹಾಗಾದರೆ ಪ್ರತಿಯೊಬ್ಬನೂ ತನ್ನ ಚಿತ್ರಕ್ಕೆ ಮಸಿ ಬಳಿಯಬೇಕೆ? ಹಾಗಲ್ಲ. ಕಡೆಯ ಗಳಿಗೆಯ ತ್ಯಾಗವೂ ಕಡೆಯ ಗಳಿಗೆಯ ಪೈಪೋಟಿಯಷ್ಟೇ ಅನಿಶ್ಚಿತವಾದುದು. ಸ್ಥಳ ಯಾವುದೆಂದು ತಿಳಿಯುವ ಮೊದಲೇ ಎಲ್ಲರೂ ಒಪ್ಪುವ ಒಂದು ಕಟ್ಟಳೆಯಿದ್ದರೆ ಇವೆರಡಕ್ಕೂ ಆಸ್ಪದವಿರುವುದಿಲ್ಲ. ಇದನ್ನು ಚೆನ್ನಾಗಿ ಅರಿತು ನಡೆದವರು 1874ರಲ್ಲಿ ಪ್ಯಾರಿಸ್ ನಗರದಲ್ಲಿ ಕೂಡಿದ ಕಲಾವಿದರು.

ಅಂದು ಫ್ರಾನ್ಸಿನಲ್ಲಿ ಸಲೋನ್ ಎಂಬ ಅಧಿಕೃತ ಪ್ರದರ್ಶನವೇ ಕಲಾವಿದನ ಭಾಗ್ಯವನ್ನು ನಿರ್ಣಯಿಸುತ್ತಿತ್ತು. ಅದರ ತೀರ್ಪುಗಾರರು ತಳ್ಳಿಹಾಕಿದವನಿಗೆ ಬೇರೆ ದಾರಿಯಿರಲಿಲ್ಲ. ಮೊನೆ, ರೆನ್ವಾರ್, ಪಿಸಾರೊ, ದೆಗಾ, ಸಿಸ್ಲೆ, ಬರ್ತ್ ಮೊರಿಸೊ ಮೊದಲಾದವರು ಸೇರಿ 1873ರ ಡಿಸೆಂಬರಿನಲ್ಲಿ ತಮ್ಮದೇ ಆದ ಒಂದು ಸಹಕಾರ ಸಂಘವನ್ನು ಕಟ್ಟಿದರು. ವರ್ಷಕ್ಕೆ 60 ಫ್ರಾಂಕ್ ವಂತಿಗೆ, ತೀರ್ಪುಗಾರರಿಲ್ಲ, ಬಹುಮಾನಗಳಿಲ್ಲ. ನಾದಾರ್ ಎಂಬ ಪ್ರಸಿದ್ಧ ಛಾಯಾಚಿತ್ರಗಾರನು ಬಿಟ್ಟುಕೊಟ್ಟ ಕೋಣೆಗಳಲ್ಲಿ 1874ರ ಏಪ್ರಿಲ್ 15ರಿಂದ ಮೇ 15ರವರೆಗೆ ಪ್ರದರ್ಶನ ನಡೆಯಿತು. ಭಾಗವಹಿಸಿದವರು ಸುಮಾರು ಮೂವತ್ತು ಮಂದಿ. ಮುದ್ರಿತ ಪಟ್ಟಿಯಲ್ಲಿದ್ದ ಕೃತಿಗಳು 165. ಪ್ರವೇಶಕ್ಕೆ ಒಂದು ಫ್ರಾಂಕ್, ಪಟ್ಟಿಗೆ ಅರ್ಧ ಫ್ರಾಂಕ್. ಹಗಲು ದುಡಿಯುವವರಿಗೂ ಅನುಕೂಲವಾಗಲೆಂದು ರಾತ್ರಿ 8ರಿಂದ 10 ಗಂಟೆಯವರೆಗೆ ಮತ್ತೆ ಬಾಗಿಲು ತೆರೆಯುತ್ತಿದ್ದರು.

ನಾವು ಗಮನಿಸಬೇಕಾದುದು ತೂಗುಹಾಕುವ ವಿಚಾರದಲ್ಲಿ ಅವರು ಮಾಡಿಕೊಂಡ ನಿಶ್ಚಯವನ್ನು. ಚಿತ್ರಗಳನ್ನು ಮೊದಲು ಅಳತೆಗನುಸಾರವಾಗಿ ವಿಂಗಡಿಸುವುದು, ಆಮೇಲೆ ಯಾವುದಕ್ಕೆ ಯಾವ ಸ್ಥಳವೆಂಬುದನ್ನು ಚೀಟಿಯೆತ್ತಿ ನಿರ್ಧರಿಸುವುದು ಎಂದು ಅವರು ಒಪ್ಪಿಕೊಂಡರು. ಚಾವಣಿಯವರೆಗೆ ಹೇರುವ ಪದ್ಧತಿಯನ್ನು ಬಿಟ್ಟು ಎರಡೇ ಸಾಲುಗಳಲ್ಲಿ ಚಿತ್ರಗಳನ್ನು ಇಟ್ಟರು. ತೂಗುಹಾಕುವ ದುಡಿಮೆಯ ಬಹುಭಾಗ ರೆನ್ವಾರನ ಹೆಗಲ ಮೇಲೆ ಬಿತ್ತು. ಪ್ರದರ್ಶನಕ್ಕೆ ಬಂದವರು ಸುಮಾರು 3,500 ಮಂದಿ; ಅವರಲ್ಲಿ ಅನೇಕರು ನಗಲು ಬಂದವರು. ವರ್ಷದ ಕೊನೆಗೆ ಲೆಕ್ಕ ನೋಡಿದಾಗ ಒಬ್ಬೊಬ್ಬ ಸದಸ್ಯನ ತಲೆಯ ಮೇಲೂ 184.50 ಫ್ರಾಂಕ್ ಸಾಲವಿತ್ತು. ಸಂಘವನ್ನು ವಿಸರ್ಜಿಸಿದರು. ಆದರೂ ಕೂಡಿ ಪ್ರದರ್ಶಿಸುವ ಅಭ್ಯಾಸವನ್ನು ಬಿಡಲಿಲ್ಲ. 1886ರವರೆಗೆ ಒಟ್ಟು ಎಂಟು ಪ್ರದರ್ಶನಗಳು ನಡೆದುವು. ಎಂಟರಲ್ಲಿಯೂ ಭಾಗವಹಿಸಿದವನು ಪಿಸಾರೊ ಒಬ್ಬನೇ. ನಗೆಪಾಟಲಾದ ಆ ಚಿತ್ರಗಳನ್ನು ಇಂದು ಜಗತ್ತಿನ ದೊಡ್ಡ ಸಂಗ್ರಹಾಲಯಗಳು ಕಣ್ಣರೆಪ್ಪೆಯಂತೆ ಕಾಯುತ್ತಿವೆ.

ನಮ್ಮ ದೇಶದಲ್ಲಿಯೂ ಇಂಥ ಉದಾಹರಣೆಗಳುಂಟು. 1963ರ ಅಕ್ಟೋಬರಿನಲ್ಲಿ ದೆಹಲಿಯ ರವೀಂದ್ರ ಭವನದಲ್ಲಿ ಹನ್ನೆರಡು ಮಂದಿ ತರುಣ ಕಲಾವಿದರು ‘ಗ್ರೂಪ್ 1890’ ಎಂಬ ಹೆಸರಿನಲ್ಲಿ ಪ್ರದರ್ಶನ ನಡೆಸಿದರು. ಅವರು ಸಭೆ ಸೇರಿದ್ದ ಭಾವನಗರದ ಒಂದು ಮನೆಯ ಸಂಖ್ಯೆಯೇ ಆ ಹೆಸರಾಯಿತು. ಒಬ್ಬರ ಶೈಲಿ ಇನ್ನೊಬ್ಬರದನ್ನು ಹೋಲುತ್ತಿರಲಿಲ್ಲ. ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಮೆಕ್ಸಿಕೊ ದೇಶದ ರಾಯಭಾರಿಯಾಗಿದ್ದ ಕವಿ ಒಕ್ಟಾವಿಯೊ ಪಾಸ್ ಪಟ್ಟಿಗೆ ಮುನ್ನುಡಿ ಬರೆದರು. ಆ ಗುಂಪು ಮತ್ತೊಂದು ಪ್ರದರ್ಶನವನ್ನು ನಡೆಸಲಿಲ್ಲ. ನಡೆದ ಒಂದೇ ಪ್ರದರ್ಶನವು ಭಾರತೀಯ ಕಲೆಯ ಇತಿಹಾಸದಲ್ಲಿ ನಿಂತಿತು. ಕೂಡುವುದೆಂದರೆ ಒಂದೇ ತೆರನಾಗುವುದಲ್ಲವೆಂಬುದು ಇದರಿಂದ ಸ್ಪಷ್ಟ.

ಈಗ ಸಿದ್ಧತೆಯ ವಿವರಗಳಿಗೆ ಬರೋಣ. ಮೊದಲನೆಯದು ಆಯ್ಕೆ. ಮೂರು ಚಿತ್ರಗಳಿಗೆ ಅವಕಾಶವೆಂದು ಹೇಳಿದ್ದರೆ ಮೂರನ್ನೇ ಒಯ್ಯಬೇಕು. “ಐದು ತಂದಿದ್ದೇನೆ, ಜಾಗವಿದ್ದರೆ ಹಾಕಿಕೊಳ್ಳಿ” ಎಂಬುದು ಸಂಘಟಕರನ್ನು ಧರ್ಮಸಂಕಟಕ್ಕೆ ತಳ್ಳುವ ಮಾತು. ಆ ಮೂರೂ ಒಂದೇ ಕೈಯಿಂದ ಬಂದವುಗಳೆಂದು ದೂರದಿಂದಲೇ ತಿಳಿಯುವಂತಿರಬೇಕು. ಒಂದು ಭೂದೃಶ್ಯ, ಒಂದು ದೇವತಾಚಿತ್ರ, ಒಂದು ನವ್ಯರಚನೆ ಎಂದು ಎಲ್ಲವನ್ನೂ ಬಲ್ಲೆನೆಂದು ತೋರಿಸಲು ಹೊರಟವನು ಯಾವುದನ್ನೂ ನೆನಪಿನಲ್ಲಿ ಉಳಿಸುವುದಿಲ್ಲ. ದೊಡ್ಡ ಅಳತೆಯಿಂದಲೇ ಗಮನ ಸೆಳೆಯುವೆನೆಂಬ ಹಟವೂ ಬೇಡ.

ಎರಡನೆಯದು ಕಾಲ. ತೈಲವರ್ಣದ ಮೇಲ್ಮೈ ಕೆಲವು ದಿನಗಳಲ್ಲಿ ಒಣಗಿದಂತೆ ತೋರಿದರೂ ಒಳಗಿನ ಪದರಗಳು ಆರಲು ತಿಂಗಳುಗಳು ಬೇಕು. ಕಡೆಯ ವಾರ್ನಿಷನ್ನು ಬಳಿಯುವ ಮುಂಚೆ ಆರು ತಿಂಗಳಾದರೂ ಕಾಯಬೇಕೆಂಬುದು ಹಳೆಯ ನಿಯಮ. ಪ್ರದರ್ಶನದ ಹಿಂದಿನ ವಾರ ಬರೆದ ದಪ್ಪ ಬಣ್ಣದ ಚಿತ್ರವು ಸಾಗಿಸುವಾಗ ತನಗೂ ಕೆಡುಕು, ತಾಗಿದ ಚಿತ್ರಕ್ಕೂ ಕೆಡುಕು. ಆದುದರಿಂದ ಹೊಸದೇ ಆಗಬೇಕೆಂಬ ಮೋಹವಿಲ್ಲದೆ, ಆರಿ ನಿಂತ ಕೃತಿಯನ್ನು ಆರಿಸಿಕೊಳ್ಳುವುದು ಲೇಸು.

ಮೂರನೆಯದು ಚೌಕಟ್ಟು. ಚೌಕಟ್ಟಿನ ಕೆಲಸ ಕಾಯುವುದು, ಕೂಗುವುದಲ್ಲ. ಸಲೋನಿನಲ್ಲಿ ಚಿನ್ನದ ಬಣ್ಣದ ಚೌಕಟ್ಟು ಕಡ್ಡಾಯವೆಂಬಂತೆ ನಡೆದಿದ್ದಾಗ ಪಿಸಾರೊ 1877ರ ಸಮೂಹ ಪ್ರದರ್ಶನದಲ್ಲಿ ಸರಳವಾದ ಬಿಳಿಯ ಚೌಕಟ್ಟುಗಳನ್ನು ಬಳಸಿದನು. ಹೊನ್ನಿನ ಹೊಳಪು ತನ್ನ ಬಣ್ಣಗಳನ್ನು ನುಂಗಬಾರದೆಂಬುದು ಅವನ ಕಾಳಜಿ. ಪಕ್ಕದವರ ಬಣ್ಣಗಳನ್ನೂ ಅದು ನುಂಗಬಾರದೆಂದು ನಾವು ಸೇರಿಸಿಕೊಳ್ಳಬೇಕು. ಕಾಗದದ ಮೇಲಿನ ಜಲವರ್ಣಕ್ಕೆ ಗಾಜು ಬೇಕೇ ಬೇಕು. ಆದರೆ ಗಾಜು ಕಾಗದಕ್ಕೆ ತಾಗಬಾರದು. ತಾಗಿದರೆ ನಮ್ಮ ಮಳೆಗಾಲದ ತೇವ ಅವುಗಳ ನಡುವೆ ನಿಂತು ಬೂಷ್ಟು ಹಿಡಿಯುತ್ತದೆ. ಅದಕ್ಕಾಗಿಯೇ ನಡುವೆ ಕಿಟಕಿಯಂತೆ ಕೊರೆದ ಮೌಂಟ್ ಬೋರ್ಡನ್ನು ಇಡುತ್ತಾರೆ. ಈ ರಟ್ಟು ಆಮ್ಲರಹಿತವಾಗಿರಬೇಕು. ಅಗ್ಗದ ರಟ್ಟಿನ ಆಮ್ಲವು ಕೆಲವೇ ವರ್ಷಗಳಲ್ಲಿ ಕಾಗದದ ಅಂಚನ್ನು ಕಂದುಗೊಳಿಸುತ್ತದೆ. ಚಿತ್ರವನ್ನು ಅಂಟಿನಿಂದ ಪೂರ್ತಿ ಮೆತ್ತಬಾರದು.

ನಾಲ್ಕನೆಯದು ತೂಗುಹಾಕುವ ಏರ್ಪಾಡು. ಚೌಕಟ್ಟಿನ ಹಿಂಬದಿಯಲ್ಲಿ ಮೇಲಂಚಿನಿಂದ ಕಾಲುಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಎರಡು ಪಕ್ಕಗಳಲ್ಲಿ ಬಳೆಗಳನ್ನು ತಿರುಪಿನಿಂದ ಬಿಗಿದು, ಅವುಗಳಿಗೆ ತಂತಿ ಕಟ್ಟಬೇಕು. ದಾರವಾಗಲಿ ಪ್ಲಾಸ್ಟಿಕ್ ಹುರಿಯಾಗಲಿ ಸಲ್ಲದು. ಕೆಳಗಿನ ಎರಡು ಮೂಲೆಗಳಿಗೆ ಬಟ್ಟೆಯ ಚಿಕ್ಕ ಬಿಲ್ಲೆಗಳನ್ನು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಈಗಿನ ಗ್ಯಾಲರಿಗಳಲ್ಲಿ ಚಿತ್ರದ ನಡುಮಧ್ಯವು ನೆಲದಿಂದ 57ರಿಂದ 60 ಅಂಗುಲ ಎತ್ತರದಲ್ಲಿರಬೇಕೆಂಬುದು ರೂಢಿ. ಎಲ್ಲ ಚಿತ್ರಗಳ ಮಧ್ಯಗಳೂ ಒಂದೇ ಎತ್ತರದಲ್ಲಿದ್ದರೆ ಅಳತೆಗಳು ಬೇರೆಯಾದರೂ ಸಾಲು ನೆಟ್ಟಗೆ ಕಾಣುತ್ತದೆ. ಮೊಳೆಯ ಸ್ಥಳವನ್ನು ಲೆಕ್ಕಹಾಕುವುದು ಸುಲಭ. ಮಧ್ಯದ ಎತ್ತರ 58 ಅಂಗುಲ, ಚೌಕಟ್ಟಿನ ಎತ್ತರ 24 ಅಂಗುಲ, ಜಗ್ಗಿದ ತಂತಿಗೂ ಮೇಲಂಚಿಗೂ ಅಂತರ 3 ಅಂಗುಲ ಎಂದಿಟ್ಟುಕೊಳ್ಳೋಣ. 58ಕ್ಕೆ ಚೌಕಟ್ಟಿನ ಅರ್ಧವಾದ 12ನ್ನು ಕೂಡಿಸಿ 3ನ್ನು ಕಳೆದರೆ 67 ಅಂಗುಲ. ಅಲ್ಲಿ ಮೊಳೆ. ಒಂದರ ಬದಲು ಅಕ್ಕಪಕ್ಕದಲ್ಲಿ ಎರಡು ಹುಕ್ಕುಗಳನ್ನು ಹೊಡೆದರೆ ಚಿತ್ರ ವಾಲುವುದಿಲ್ಲ. ಈ ಲೆಕ್ಕವನ್ನು ಮನೆಯಲ್ಲಿಯೇ ಮಾಡಿ ಚೀಟಿ ಬರೆದು ಹಿಂಬದಿಗೆ ಅಂಟಿಸಿದವನು ತೂಗುಹಾಕುವವನ ಅರ್ಧ ದಿನವನ್ನು ಉಳಿಸುತ್ತಾನೆ.

ಐದನೆಯದು ಸಾಗಣೆ. ಮಠದ ಗ್ರಂಥಭಂಡಾರಗಳಲ್ಲಿ ತಾಳೆಗರಿಯ ಕಟ್ಟುಗಳನ್ನು ಎರಡು ಹಲಗೆಗಳ ನಡುವೆ ಇರಿಸಿ, ದಾರ ಸುತ್ತಿ, ಬಟ್ಟೆಯಲ್ಲಿ ಕಟ್ಟುವ ಪದ್ಧತಿಯನ್ನು ಬಲ್ಲವರಿಗೆ ಇದರ ತತ್ತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಗಟ್ಟಿಯಾದುದು ಹೊರಗೆ, ಮೃದುವಾದುದು ಒಳಗೆ, ಒಳಗಿನದು ಅಲುಗಬಾರದು. ಚಿತ್ರದ ಮೈಗೆ ನೇರವಾಗಿ ಗುಳ್ಳೆಗಳ ಪ್ಲಾಸ್ಟಿಕ್ ಹಾಳೆ ತಾಗಿದರೆ ಗುಳ್ಳೆಗಳ ಗುರುತು ಬಣ್ಣದ ಮೇಲೆ ಮೂಡುತ್ತದೆ. ಮೊದಲು ನುಣುಪಾದ ಕಾಗದ, ಆಮೇಲೆ ಆ ಹಾಳೆ. ಮೂಲೆಗಳಿಗೆ ರಟ್ಟಿನ ಕವಚ. ಗಾಜಿನ ಮೇಲೆ ಕಾಗದದ ಅಂಟುಪಟ್ಟಿಯನ್ನು ಕತ್ತರಿಯಾಕಾರದಲ್ಲಿ ಹಚ್ಚಿದರೆ ಒಡೆದರೂ ಚೂರುಗಳು ಚಿತ್ರವನ್ನು ಹರಿಯುವ ಭಯ ಕಡಿಮೆ. ಚಿತ್ರಗಳನ್ನು ಮಲಗಿಸದೆ ನಿಲ್ಲಿಸಿ, ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಬರುವಂತೆ ಜೋಡಿಸಬೇಕು.

ಆರನೆಯದು ಹೆಸರು ಮತ್ತು ವಿವರ. ಪ್ಯಾರಿಸಿನ ಪ್ರದರ್ಶನದ ಪಟ್ಟಿಯನ್ನು ಸಿದ್ಧಪಡಿಸಿದವನು ರೆನ್ವಾರನ ತಮ್ಮ ಎಡ್ಮಂಡ್. ಮೊನೆ ಕೊಟ್ಟ ಶೀರ್ಷಿಕೆಗಳು ಒಂದೇ ತೆರನಾಗಿವೆಯೆಂದು ಅವನು ಗೊಣಗಿದಾಗ, ಬಂದರಿನ ಮುಂಜಾವಿನ ಚಿತ್ರವೊಂದಕ್ಕೆ ‘ಇಂಪ್ರೆಷನ್’ ಎಂದು ಹಾಕಿಬಿಡುವಂತೆ ಮೊನೆ ಹೇಳಿದನಂತೆ. ಆ ಒಂದು ಪದವನ್ನೇ ಹಿಡಿದು ಪತ್ರಿಕೆಯ ವಿಮರ್ಶಕನೊಬ್ಬನು ಎಲ್ಲರನ್ನೂ ಹಾಸ್ಯಮಾಡಿದನು. ಹಾಸ್ಯದ ಮಾತೇ ಒಂದು ಯುಗದ ಹೆಸರಾಯಿತು. ಒಬ್ಬನ ಶೀರ್ಷಿಕೆ ಗುಂಪಿನ ಹೆಸರಾಗಬಹುದೆಂಬ ಎಚ್ಚರ ನಮಗೂ ಇರಲಿ. ಚೀಟಿಯಲ್ಲಿ ಕಲಾವಿದರ ಹೆಸರು, ಚಿತ್ರದ ಹೆಸರು, ಮಾಧ್ಯಮ, ಅಳತೆ, ವರ್ಷ ಇಷ್ಟಿದ್ದರೆ ಸಾಕು. ಅಳತೆಯಲ್ಲಿ ಎತ್ತರ ಮೊದಲು, ಅಗಲ ಅನಂತರ. ಇದನ್ನೇ ಚಿತ್ರದ ಬೆನ್ನಿನ ಮೇಲೂ ಬರೆದು, ಮೇಲುಭಾಗ ಯಾವುದೆಂದು ಬಾಣದ ಗುರುತು ಹಾಕಬೇಕು. ಇದನ್ನು ಕೇಳಿ ನಗುವವರು 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಮತೀಸನ ‘ದೋಣಿ’ ಎಂಬ ಕೃತಿ 47 ದಿನ ತಲೆಕೆಳಗಾಗಿ ತೂಗಿತ್ತೆಂಬುದನ್ನು ನೆನೆಯಬೇಕು. ಅದನ್ನು ಗುರುತಿಸಿದವರು ತಜ್ಞರಲ್ಲ, ನೋಡಲು ಬಂದಿದ್ದ ಒಬ್ಬ ಮಹಿಳೆ.

ಚಿತ್ರವನ್ನು ಕುರಿತ ಬರಹವನ್ನು ಕೇಳಿದರೆ ನೂರು ಪದಗಳಲ್ಲಿ ಮುಗಿಸಬೇಕು. ಏನನ್ನು ಕಂಡು ಬರೆದೆ, ಯಾವ ವಸ್ತುಗಳಿಂದ ಬರೆದೆ, ಏಕೆ ಹೀಗೆ ಬರೆದೆ ಎಂಬುದು ಅದರಲ್ಲಿದ್ದರೆ ಸಾಕು. ಅಸ್ತಿತ್ವ, ಅನಂತ, ಶೂನ್ಯ ಎಂಬ ಭಾರವಾದ ಶಬ್ದಗಳನ್ನು ಚಿತ್ರಕ್ಕೆ ಊರುಗೋಲಾಗಿ ಕೊಡುವ ಅಭ್ಯಾಸ ಈಗ ಹೆಚ್ಚಾಗಿದೆ. ಊರುಗೋಲು ಕಂಡೊಡನೆ ನೋಡುವವನಿಗೆ ಕಾಲಿನ ಮೇಲೆ ಸಂಶಯ ಬರುತ್ತದೆ. ಬೆಲೆಯ ವಿಚಾರವನ್ನು ಮೊದಲೇ ಬರವಣಿಗೆಯಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು: ಗ್ಯಾಲರಿಗೆ ಸಲ್ಲಬೇಕಾದ ಪಾಲೆಷ್ಟು, ಹಾನಿಯಾದರೆ ಹೊಣೆ ಯಾರದು, ಹಿಂದಿರುಗಿಸುವ ದಿನ ಯಾವುದು. ಮಾರಾಟವಾದ ಚಿತ್ರಕ್ಕೆ ಕೆಂಪು ಬಿಲ್ಲೆ ಹಚ್ಚಿ ಪ್ರದರ್ಶನ ಮುಗಿಯುವವರೆಗೆ ಅಲ್ಲಿಯೇ ಬಿಡುವುದು ಪದ್ಧತಿ. ಕೊಂಡವರು ಅವಸರಪಡಿಸಿದರೆಂದು ನಡುವೆಯೇ ಇಳಿಸಿ ಒಯ್ದರೆ ಸಾಲಿನಲ್ಲಿ ಹಲ್ಲು ಬಿದ್ದಂತೆ ಖಾಲಿ ಜಾಗ ಉಳಿದು ಅಕ್ಕಪಕ್ಕದವರ ಚಿತ್ರಗಳು ಅನಾಥವಾಗುತ್ತವೆ.

ಇಷ್ಟೆಲ್ಲ ಸಿದ್ಧವಾದ ಬಳಿಕ ಸ್ಥಳ ಯಾವುದು ಸಿಕ್ಕೀತೆಂಬ ಆತಂಕ ಅರ್ಧಕ್ಕರ್ಧ ತಾನೇ ಇಳಿಯುತ್ತದೆ. ಚೆನ್ನಾಗಿ ಕಟ್ಟಿದ, ನೆಟ್ಟಗೆ ತೂಗುವ, ತನ್ನ ಸುತ್ತ ಸಾಕಷ್ಟು ಬಿಡುವನ್ನು ಚೌಕಟ್ಟಿನೊಳಗೆ ತಾನೇ ತಂದುಕೊಂಡ ಚಿತ್ರವು ಮೂಲೆಯಲ್ಲಿಯೂ ನಿಲ್ಲುತ್ತದೆ. ಸಿದ್ಧತೆಯಿಲ್ಲದ ಚಿತ್ರವನ್ನು ಹೆಬ್ಬಾಗಿಲ ಎದುರಿಗೆ ಹಾಕಿದರೂ ಅದರ ವಾಲಿದ ಅಂಚೇ ಮೊದಲು ಕಣ್ಣಿಗೆ ಬೀಳುತ್ತದೆ. ಸ್ಥಳದಲ್ಲಿ ನಿಜವಾದ ದೋಷವಿದ್ದರೆ ಮಾತ್ರ ಹೇಳಬೇಕು. ನೇರ ಬಿಸಿಲು ಬೀಳುವ ಗೋಡೆಯಲ್ಲಿ ಜಲವರ್ಣವನ್ನು ಇಡುವುದು ತಪ್ಪು. ಕಾಗದದ ಕೃತಿಗಳಿಗೆ ಸಂಗ್ರಹಾಲಯಗಳು ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ತಾಗಗೊಡುವುದಿಲ್ಲ. ಒದ್ದೆಯಾದ ಗೋಡೆಯೂ ತಪ್ಪು. ಇಂಥ ಕಾರಣವನ್ನು ಶಾಂತವಾಗಿ, ಒಬ್ಬರೆದುರು, ತೆರೆಯುವ ಮುಂಚೆ ಹೇಳಿದರೆ ಯಾವ ಸಂಘಟಕನೂ ಕೇಳದಿರಲಾರನು. “ಅವನಿಗೆ ನಡುಗೋಡೆ, ನನಗೇಕೆ ಪಕ್ಕದ್ದು?” ಎಂಬುದು ಕಾರಣವಲ್ಲ.

ಇನ್ನು ಮನೆಯ ಹಿರಿಯರಿಗೆ ಎರಡು ಮಾತು. ಪ್ರದರ್ಶನಕ್ಕೆ ಹೋದಾಗ ನಿಮ್ಮ ಮಗುವಿನ ಚಿತ್ರವನ್ನು ಹುಡುಕಿಕೊಂಡು ನೇರವಾಗಿ ನಡೆಯಬೇಡಿರಿ. ಬಾಗಿಲಿನಿಂದ ಆರಂಭಿಸಿ ಒಂದೊಂದಾಗಿ ನೋಡುತ್ತ ಬನ್ನಿರಿ. ನಿಮ್ಮವರ ಚಿತ್ರ ಬರುವ ಹೊತ್ತಿಗೆ ಅದು ಯಾರ ಜೊತೆಯಲ್ಲಿ ನಿಂತಿದೆಯೆಂಬುದು ನಿಮಗೆ ತಿಳಿದಿರುತ್ತದೆ. ಅಕ್ಕಪಕ್ಕದ ಚಿತ್ರಗಳನ್ನು ಬರೆದವರನ್ನು ಕರೆದು ಒಂದು ಒಳ್ಳೆಯ ಮಾತನ್ನಾಡಿರಿ. ಅವರ ತಂದೆತಾಯಿಗಳು ದೂರದ ಊರಿನಲ್ಲಿದ್ದು ಬರಲಾಗದೆ ಇರಬಹುದು. ಹಾಗೆ ಮಾಡುವ ಮನೆಯ ಮಗುವಿಗೆ ಮೂಲೆಯ ಜಾಗ ಅವಮಾನವಾಗಿ ತೋರುವುದಿಲ್ಲ. ಮಕ್ಕಳಲ್ಲಿ ಮುನಿಸನ್ನು ಬಿತ್ತುವವರು ಬಹುತೇಕ ನಾವೇ. ಗೆಳೆತನವನ್ನು ಉಳಿಸಬಲ್ಲವರೂ ನಾವೇ. ಚಿತ್ರ ಮಾರಾಟವಾಯಿತೆ ಎಂಬ ಪ್ರಶ್ನೆಯನ್ನು ಊರಿಗೆ ಮರಳಿದ ಮೇಲೆ ಕೇಳಿದರೂ ನಡೆಯುತ್ತದೆ.

ಕಡೆಯದಾಗಿ ಇಳಿಸುವ ದಿನ. ತೆರೆಯುವ ದಿನ ಇದ್ದ ಜನಸಂದಣಿ ಅಂದು ಇರುವುದಿಲ್ಲ. ತನ್ನ ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಸದ್ದಿಲ್ಲದೆ ಹೊರಟುಹೋಗುವವರೇ ಹೆಚ್ಚು. ಒಂದು ಗುಂಪು ಮತ್ತೊಮ್ಮೆ ಕೂಡುವುದೋ ಇಲ್ಲವೋ ಎಂಬುದನ್ನು ಈ ದಿನದ ನಡತೆಯಿಂದಲೇ ತಿಳಿಯಬಹುದು. ತಾನು ಹೊಡೆದ ಮೊಳೆಯನ್ನು ಕಿತ್ತು, ಆ ರಂಧ್ರಕ್ಕೆ ಪುಟ್ಟಿ ತುಂಬಿ, ನೆರೆಯವಳ ದೊಡ್ಡ ಕ್ಯಾನ್ವಾಸಿನ ಇನ್ನೊಂದು ತುದಿಯನ್ನು ಹಿಡಿದು ಮೆಟ್ಟಿಲಿಳಿಸಿ ವಾಹನಕ್ಕೆ ಏರಿಸಿ, ಆಮೇಲೆ ತನ್ನದನ್ನು ಎತ್ತಿಕೊಳ್ಳುವವರು ನಾಲ್ವರಿದ್ದರೆ ಸಾಕು, ಮುಂದಿನ ವರ್ಷದ ಪ್ರದರ್ಶನಕ್ಕೆ ಬುನಾದಿ ಬಿದ್ದಂತೆಯೇ ಸರಿ.